ಮುದ್ದೆ ಲೆಕ್ಕದ ಊರು

ಕುದಿಯುವ ಎಸರಿಗೆ ರಾಗಿ ಹಿಟ್ಟು ಬಿದ್ದ ಕೂಡಲೇ ಏಳುವ ವಾಸನೆಯೊಂದಿದೆ. ಅದು ಹಸಿ ಹಿಟ್ಟಿನದೂ ಅಲ್ಲ, ಬೆಂದ ಮುದ್ದೆಯದೂ ಅಲ್ಲ. ಎರಡರ ನಡುವೆ ಒಂದೆರಡು ನಿಮಿಷ ಮಾತ್ರ ಇದ್ದು ಹೋಗುವ, ದನದ ಮೈಯ ಹಾಗೆ ಬೆಚ್ಚಗಿರುವ ವಾಸನೆ. ಮೊನ್ನೆ ನಂಜನಗೂಡಿನ ಬಸ್ ನಿಲ್ದಾಣದ ಎದುರಿನ ಮೆಸ್ಸೊಂದರಲ್ಲಿ ಊಟಕ್ಕೆ ಕೂತಿದ್ದಾಗ ಅಡುಗೆಮನೆಯ ಪರದೆಯ ಆಚೆಯಿಂದ ಅದು ಬಂತು. ಹಿಂದೆಯೇ ಮುದ್ದೆ ಕೋಲು ಪಾತ್ರೆಯ ತಳಕ್ಕೆ ಉಜ್ಜುವ ಸದ್ದು. ಗಲ್ಲೆಯ ಮೇಲೆ ಕೂತಿದ್ದ ಹೆಂಗಸು ಒಳಕ್ಕೆ ಕೂಗಿದಳು: “ಮೂರನೇ ಟೇಬಲ್‌ಗೆ ನಾಕು ಮುದ್ದೆ!” ನಾನು ಸುಮ್ಮನೆ ತಿರುಗಿ ನೋಡಿದೆ. ಆ ಟೇಬಲ್ಲಿನಲ್ಲಿ ಐದು ಜನ ಇದ್ದರು. ಐದನೆಯದು ತಾಯಿಯ ತೊಡೆಯ ಮೇಲಿನ ಕೂಸು. ಅವಳು ಕೂಗಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. ಹಾಗೆ ಎಣಿಸಿಯೇ ನಮ್ಮ ಊರು ಕೆಟ್ಟಿತು ಎಂದು ಯಾರಿಗೆ ಹೇಳುವುದು? ನಿಮಗೂ ಇಂಥದೊಂದು ಮನೆ, ಇಂಥದೊಂದು ಒಲೆ ಇದ್ದಿರುತ್ತದೆ. ಅದೀಗ ಇಲ್ಲದೆಯೂ ಇರುತ್ತದೆ. ಅದಕ್ಕೇ ನಿಮಗೆ ಹೇಳುತ್ತೇನೆ.

ನಮ್ಮ ಊರಿಗೆ ಕೊಪ್ಪಲು ಎಂದಷ್ಟೇ ಹೆಸರು. ಕಾಗದಪತ್ರದಲ್ಲಿ ಅದರ ಹಿಂದೆ ಪಕ್ಕದ ದೊಡ್ಡ ಊರಿನ ಹೆಸರನ್ನು ಸೇರಿಸಿ ಬರೆಯುತ್ತಿದ್ದರು, ಇಂಥವರ ಕಡೆಯವನು ಎಂದು ಹೇಳದೆ ಗುರುತು ಸಿಗದ ಬಡ ನೆಂಟನ ಹಾಗೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದೊಡ್ಡ ರಸ್ತೆಯಲ್ಲಿ ಬಸ್ಸು ನಮಗಾಗಿ ನಿಲ್ಲುತ್ತಿದ್ದ ಜಾಗಕ್ಕೆ ಕೊಪ್ಪಲು ಗೇಟು ಎನ್ನುತ್ತಿದ್ದರು. ಗೇಟು ಎಂದರೆ ಗೇಟೇನೂ ಇರಲಿಲ್ಲ, ಒಂದು ಹುಣಸೆಮರ, ಅದರ ಬುಡದಲ್ಲಿ ಕೂರಲು ಒಂದು ಚಪ್ಪಡಿ ಕಲ್ಲು, ಅಷ್ಟೇ. ಅಲ್ಲಿಂದ ಊರಿಗೆ ಒಂದು ಹರದಾರಿ ನಡೆಯಬೇಕು, ಈಗಿನ ಲೆಕ್ಕದಲ್ಲಿ ಐದು ಕಿಲೋಮೀಟರಿಗೆ ತುಸು ಕಡಿಮೆ. ದಾರಿಯೆಲ್ಲ ಎರೆಮಣ್ಣು. ಬೇಸಗೆಯಲ್ಲಿ ಅದು ಬಿರುಕು ಬಿಟ್ಟು ಕಾಲಿನ ಹೆಬ್ಬೆರಳನ್ನು ಕಚ್ಚುತ್ತಿತ್ತು. ಮಳೆ ಬಿದ್ದರೆ ಅಂಟಿನಂತಾಗಿ, ಹೆಜ್ಜೆಗೊಂದು ಪದರ ಮೆತ್ತಿಕೊಂಡು, ನಡೆಯುವವರು ಗೇಣುದ್ದ ಎತ್ತರವಾಗಿ ಕಾಣುತ್ತಿದ್ದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಮ್ಮೂರಿನವರು ಮೈಸೂರು ನೋಡಿದ್ದು. ಹೆಣ್ಣು ಕೊಡಲು ಬಂದವರು ಗೇಟಿನಲ್ಲಿ ಇಳಿದು, ದಾರಿಯ ಉದ್ದ ನೋಡಿ, ಮುಂದಿನ ಬಸ್ಸಿಗೆ ವಾಪಸು ಹೋದದ್ದೂ ಉಂಟು. “ಅವ್ರಿಗೇನ್ ಗೊತ್ತು, ಇಷ್ಟ್ ದೂರ ನಡ್ಕೊಂಡ್ ಬರೋ ಎಣ್ಣು ಇನ್ಯಾವತ್ತೂ ಮುನಿಸ್ಕೊಂಡು ತವ್ರಿಗೆ ಓಗಲ್ಲ” ಎಂದು ಅಜ್ಜಿ ನಗುತ್ತಿದ್ದಳು.

ಅಜ್ಜಿ ಎಂದರೆ ನನ್ನ ಅಪ್ಪನ ತಾಯಿ. ಊರಿನವರಿಗೆಲ್ಲ ದೊಡ್ಡಮ್ಮಣ್ಣಿ. ಬೆಳಗೆದ್ದು ಹಣೆಗೆ ಮೂರು ಬೆರಳಿನ ವಿಭೂತಿ ಬಳಿದು, ಕೊರಳಿನ ಲಿಂಗಕ್ಕೆ ನೀರು ತೋರಿಸಿ ಒಲೆಯ ಮುಂದೆ ಕೂತಳೆಂದರೆ ಮನೆಯೆಲ್ಲ ಅವಳ ಸುತ್ತ ತಿರುಗುತ್ತಿತ್ತು. ನಾನು ಮಾತು ಕಲಿತದ್ದು ಅವಳ ಮಗ್ಗುಲಲ್ಲಿ ಕೂತು, ಸೌದೆ ಮುಂದಕ್ಕೆ ತಳ್ಳುತ್ತಾ. ಅಜ್ಜಿ ಮನುಷ್ಯರನ್ನು ಎಣಿಸುತ್ತಿರಲಿಲ್ಲ. ತಲೆ ಎಣಿಸಿದರೆ ಆ ತಲೆಗಳ ಮೇಲೆ ಕಣ್ಣು ಬೀಳುತ್ತದೆ ಎಂಬ ಭಯ ನಮ್ಮೂರಿನಲ್ಲಿ ಎಲ್ಲರಿಗೂ ಇತ್ತು. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎಂದು ಶುರು ಮಾಡುವ ಜನ, ಮಕ್ಕಳನ್ನು ಒಂದು ಎರಡು ಎಂದು ಬೆರಳು ಮಾಡಿ ಎಣಿಸುತ್ತಾರೆಯೇ? ಅದಕ್ಕೆ ಮುದ್ದೆ ಲೆಕ್ಕವಿತ್ತು. ಕೆರೆಯ ಹೂಳು ತೆಗೆಯಲಿ, ಮದುವೆಯ ಊಟಕ್ಕೆ ಹೇಳಲಿ, “ನಿಮ್ಮನೇದು ಎಷ್ಟು ಮುದ್ದೆ?” ಎಂದೇ ಕೇಳುವುದು. ಮುದ್ದೆ ಮುರಿದು ನುಂಗುವವರು ಲೆಕ್ಕಕ್ಕೆ. ಮೊಲೆ ಕುಡಿಯುವ ಕೂಸುಗಳೂ ಗಂಜಿ ಕುಡಿಯುವ ಮುದುಕರೂ ಲೆಕ್ಕದಿಂದ ಹೊರಗೆ. ಬಂದವರು ಇನ್ನೂ ನಿಂತಿಲ್ಲ, ಹೋಗುವವರು ಇನ್ನೂ ಹೋಗಿಲ್ಲ, ಅವರನ್ನು ಎಣಿಸಿ ಎಬ್ಬಿಸಬಾರದು ಎಂಬ ಎಣಿಕೆ.

ನಮ್ಮನೆಯದು ಎಂಟು ಮುದ್ದೆ. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕವ್ವ, ನಾನು, ನನ್ನ ಇಬ್ಬರು ಅಣ್ಣಂದಿರು. ಒಳಕೋಣೆಯಲ್ಲಿ ಅಜ್ಜಿಯ ಮೈದುನ, ನಮ್ಮ ಚಿಕ್ಕತಾತ, ಸೊಂಟ ಬಿದ್ದು ಮಲಗಿದ್ದ. ಅವನದು ಗಂಜಿ. “ಎದ್ದು ಕೂತು ಮುದ್ದೆ ಮುರಿ, ಲೆಕ್ಕಕ್ಕೆ ತಕ್ಕೋತೀನಿ” ಎಂದು ಅಜ್ಜಿ ಕೆಣಕುವಳು. “ನೀ ಕಟ್ಟಿದ್ ಮುದ್ದೆ ಮುರಿಯಾಕೆ ಕೈ ಸಾಲಲ್ಲ ಕಣತ್ಗೆ, ಕೊಡ್ಲಿ ಬೇಕು” ಎಂದು ಅವನು ಒಳಗಿಂದಲೇ ಹೇಳುವನು. ಇಬ್ಬರಿಗೂ ಅದು ದಿನದ ಊಟದಷ್ಟೇ ಬೇಕಾದ ಜಗಳ.

ಚಿಕ್ಕವ್ವನ ಹೆಸರು ಗೌರಮ್ಮ. ಮೂಗೂರಿನ ಕಡೆಯಿಂದ ಬಂದವಳು. ತೆಳ್ಳಗೆ, ಮೆತ್ತಗೆ, ಮಾತಾಡಿದರೆ ಸೆರಗಿನೊಳಗಿಂದ ಮಾತಾಡಿದಂತೆ. ಅವಳಿಗೆ ಎರಡು ಕೂಸುಗಳು ಹುಟ್ಟಿ ಹೋಗಿದ್ದವು. ಎರಡು ಸಲವೂ ನೋವು ಶುರುವಾದ ಮೇಲೆ ಗಾಡಿಯಲ್ಲಿ ಗೇಟಿನವರೆಗೆ ಕುಲುಕಾಡಿಕೊಂಡು ಹೋಗಿ, ಬಸ್ಸಿಗೆ ಕಾದು, ನರಸೀಪುರದ ಆಸ್ಪತ್ರೆ ಸೇರಿದ್ದು. ಮೊದಲನೆಯದು ಒಂಬತ್ತು ದಿನ ಇತ್ತು, ಎರಡನೆಯದು ಮೂರು ತಿಂಗಳು. ಮೂರನೆಯದು ಹೆಣ್ಣು. ಅದು ಊರಿನಲ್ಲೇ, ಅಜ್ಜಿಯ ಕೈಯಲ್ಲೇ ಹುಟ್ಟಿತು. ಹುಟ್ಟಿದ ಹನ್ನೊಂದನೆಯ ದಿನ ಅಜ್ಜಿ ಅದನ್ನು ಹಿತ್ತಲಿನ ಗೋಡೆಯ ಮೇಲಿಂದ ಪಕ್ಕದ ಮನೆಯವಳ ಕೈಗೆ ಕೊಟ್ಟುಬಿಟ್ಟಳು. ಆಮೇಲೆ ಒಂದು ಮೊರ ತೌಡು ಕೊಟ್ಟು ಅವಳಿಂದ ವಾಪಸು ಕೊಂಡುಕೊಂಡಳು. ಹೆಸರು ತೌಡವ್ವ ಎಂದಿಟ್ಟರು. ತೌಡಿನ ಬೆಲೆಯ ಮಗುವಿನ ಮೇಲೆ ಯಾವ ದೇವರು, ಯಾವ ದೆವ್ವ ಆಸೆಪಡುತ್ತದೆ? ನಾವೆಲ್ಲ ತೌಡಿ ಎಂದೇ ಕರೆದೆವು. ಚಿಕ್ಕವ್ವ ಮಾತ್ರ ಆ ಹೆಸರನ್ನೂ ಹೇಳುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದಳು. “ಅದು ಮಲಗೈತೆ.” “ಅದ್ಕೆ ಹಾಲು ಬೇಕಂತೆ.” ಯಾರಾದರೂ ಮಗು ಚೆನ್ನಾಗಿದೆ ಎಂದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು.

ತೌಡಿಗೆ ಇನ್ನೂ ನಾಲ್ಕು ತಿಂಗಳಿರುವಾಗ, ಬಿಸಿಲು ಏರುವ ಕಾಲದಲ್ಲಿ, ಜನಗಣತಿಗೆಂದು ಎಣಿಕೆ ಮೇಷ್ಟ್ರು ಬಂದರು. ಬೇರೆ ಊರಿನ ಸ್ಕೂಲಿನವರು. ಗೇಟಿನಲ್ಲಿಳಿದು ದೊಡ್ಡ ಹಾಳೆಗಳ ಚೀಲ ಹೊತ್ತುಕೊಂಡು ಬಂದು ಬೆವರು ಸುರಿಸುತ್ತಾ ನಮ್ಮ ಜಗಲಿಯ ಮೇಲೆ ಕೂತರು. ಊರಿಗೆ ಮೊದಲ ಮನೆ ನಮ್ಮದೇ. ಬೀದಿಯ ನಾಲ್ಕಾರು ಹೆಂಗಸರು, ಗಂಡಸರು ಕುತೂಹಲಕ್ಕೆ ಬಂದು ಜಗಲಿಯ ಕೆಳಗೆ ನಿಂತರು. ನನಗಾಗ ಒಂಬತ್ತು ವರ್ಷ. ಮೇಷ್ಟ್ರ ಪೆನ್ನು ನೋಡುತ್ತಾ ಕಂಬ ಹಿಡಿದು ಕೂತಿದ್ದೆ. ಮೇಷ್ಟ್ರು ಒಳ್ಳೆಯವರು. “ಇದು ಬರೀ ಎಣಿಕೆ ಅಂದ್ಕೋಬೇಡಿ ಅಮ್ಮ” ಎಂದರು. “ನಾಳೆ ನಿಮ್ಮೂರಿಗೆ ರಸ್ತೆ ಬೇಕು, ಬಸ್ಸು ಬೇಕು ಅಂದ್ರೆ ಸರ್ಕಾರದೋರು ನೋಡೋದು ಇದನ್ನೇ. ಮಗು ಮರಿ ಒಂದೂ ಬಿಡಬೇಡಿ.” ಅಜ್ಜಿಯ ಮುಖ ಅರಳಿತು. “ನಂಗೂ ಬೇಕಾಗಿರೋದು ಅದೇ ಕಣಪ್ಪ. ನಮ್ ಗೌರಿ ಆ ದಾರೀಲಿ ಎರಡನ್ನ ಕಳ್ಕೊಂಡವ್ಳೆ. ಎಲ್ಲಾರ್ನೂ ಬರಸ್ತೀನಿ. ವಸಿ ತಾಳು, ಮಜ್ಜಿಗೆ ತತ್ತೀನಿ” ಎಂದು ಎದ್ದು ಒಳಗೆ ಹೋದಳು.

ಮಜ್ಜಿಗೆ ತರಲು ಅಷ್ಟು ಹೊತ್ತು ಬೇಕಿರಲಿಲ್ಲ. ಮೇಷ್ಟ್ರು ಕಾಲಿನ ಧೂಳು ಕೊಡವಿ, ಹಾಳೆ ಹರಡಿ, ಗೆರೆ ಸರಿಮಾಡಿ, ಎರಡು ಸಲ ಒಳಗೆ ಇಣುಕಿದರು. ಕೊನೆಗೆ ಅಜ್ಜಿ ಚೊಂಬು ಹಿಡಿದು ಬಂದಳು. ಹೋದ ಮುಖ ಬೇರೆ, ಬಂದ ಮುಖ ಬೇರೆ. ಚೊಂಬು ಕೆಳಗಿಟ್ಟು, ಯಾರ ಕಡೆಗೂ ನೋಡದೆ, ಬೀದಿಗೆಲ್ಲ ಕೇಳುವಂತೆ ಹೇಳಿದಳು: “ನಮ್ಮನೇದು ಎಂಟು ಮುದ್ದೆ. ಬರ್ಕೊ.”

“ಮುದ್ದೆ ಅಲ್ಲಮ್ಮ, ಜನ” ಎಂದರು ಮೇಷ್ಟ್ರು.

“ನಮ್ಮೂರಾಗೆ ಜನಾನ ಅಂಗೇ ಎಣಿಸಾದು. ಎಂಟು.”

ಒಳಗಿಂದ ಚಿಕ್ಕತಾತ ಕೂಗಿದ: “ಲೇ, ನಾನೂ ಇದೀನಿ ಕಣ್ಲಾ! ಇನ್ನಾ ಸತ್ತಿಲ್ಲ, ಬರ್ಕೊಳ್ಲಾ!” ಮೇಷ್ಟ್ರು ಪೆನ್ನೆತ್ತಿದರು. “ಅವ್ನು ನೆಂಟ ಕಣಪ್ಪ” ಎಂದಳು ಅಜ್ಜಿ, “ಇವತ್ತು ಬಂದವ್ನೆ, ನಾಳೆ ಓಯ್ತಾನೆ.” ಜಗಲಿಯ ಕೆಳಗಿದ್ದವರೆಲ್ಲ ನಕ್ಕರು. ಒಳಗಿನ ದನಿಯೂ ಅದಕ್ಕೆ ಒಪ್ಪಿ, “ಊಂ ಕಣ್ಲಾ, ನೆಂಟನೇಯ. ನಾಳೆ ಓಯ್ತೀನಿ, ಬುಡು” ಎಂದಿತು. ನಾನು ಮಾತ್ರ ನಗಲಿಲ್ಲ. “ಅಜ್ಜಿ, ತೌಡಿ...” ಎಂದು ಬಾಯಿ ತೆರೆದೆ. ಅಜ್ಜಿ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕೈಮುಗಿದು ಕೇಳಿಕೊಳ್ಳುವ ಹಾಗಿತ್ತು. “ಏನ್ ಮಗು?” ಎಂದು ಮೇಷ್ಟ್ರು ಕೇಳಿದರು. “ಏನಿಲ್ಲ ಸಾ” ಎಂದೆ.

ದೊಡ್ಡಮ್ಮಣ್ಣಿ ಹೇಳಿದ ಮೇಲೆ ಇನ್ನೇನು? ಮೇಷ್ಟ್ರು ಮನೆಯಿಂದ ಮನೆಗೆ ಹೋದಂತೆ ಊರೆಲ್ಲ ಅದೇ ಲೆಕ್ಕ ಒಪ್ಪಿಸಿತು. ಅವರದು ಆರು ಮುದ್ದೆ, ಇವರದು ಹನ್ನೊಂದು. ತೊಟ್ಟಿಲುಗಳನ್ನು ನಡುಮನೆಯಿಂದ ಒಳಕ್ಕೆ ಸರಿಸಿದರು. ಬಿಸಿಲಿಗೆ ಬಳಲಿದ್ದ ಮೇಷ್ಟ್ರು, ಬಸ್ಸು ತಪ್ಪೀತೆಂದು ಗಡಿಯಾರ ನೋಡಿಕೊಳ್ಳುತ್ತಾ, ಹೇಳಿದ ಹೆಸರುಗಳನ್ನು ಬರೆದುಕೊಂಡು ಇಳಿಬಿಸಿಲಿನಲ್ಲಿ ಗೇಟಿನ ಕಡೆ ನಡೆದರು. ಅವರನ್ನು ನಾನು ದೂಷಿಸಲಾರೆ. ಆ ದಾರಿಯನ್ನು ನಡೆದವರಿಗೆ ಗೊತ್ತು.

ಎರಡು ವರ್ಷ ಕಳೆದ ಮೇಲೆ ಸುದ್ದಿ ಬಂತು. ಇಷ್ಟು ಜನಕ್ಕಿಂತ ಹೆಚ್ಚಿರುವ ಊರುಗಳಿಗೆ ಡಾಂಬರು ರಸ್ತೆ ಎಂದು ಗೆರೆ ಎಳೆದಿದ್ದರಂತೆ. ನಾಲೆಯಾಚೆಯ ಊರು ಗೆರೆಯ ಮೇಲೆ ಬಂತು. ನಮ್ಮದು ಕೆಳಗೆ ಉಳಿಯಿತು. “ಎಷ್ಟು ಕಮ್ಮಿ?” ಎಂದು ಚಿಕ್ಕಪ್ಪ ಪಂಚಾಯಿತಿಯ ಕಡೆಯವರನ್ನು ಕೇಳಿದ. “ಹದಿನೆಂಟು ತಲೆ.” ಆ ಸಂಜೆ ಅರಳಿಕಟ್ಟೆಯ ಮೇಲೆ ಕೂತು ನಮ್ಮೂರಿನವರು ಹುಟ್ಟಿದಂದಿನಿಂದ ಮೊದಲ ಸಲ ತಲೆ ಎಣಿಸಿದರು, ಅಂದು ಮುದ್ದೆ ಮುರಿಯದೆ ಬಿಟ್ಟುಹೋದವರನ್ನು. ಇಪ್ಪತ್ತಮೂರು. ಅದರಲ್ಲಿ ಎರಡು ನಮ್ಮ ಮನೆಯವೇ. ಒಬ್ಬೊಬ್ಬರೇ ಎದ್ದು ಟವೆಲ್ ಕೊಡವಿಕೊಂಡು ಹೋದರು. ಅಜ್ಜಿಗೆ ವಿಷಯ ಹೇಳಿದಾಗ ಅವಳು ಒಲೆಯ ಮುಂದೆ ಇದ್ದಳು. ಮುದ್ದೆ ಕೋಲು ಪಾತ್ರೆಯೊಳಗೆ ಹಾಗೇ ನಿಂತು, ಅಂದು ನಮಗೆಲ್ಲ ಗಂಟುಗಂಟು ಮುದ್ದೆ.

ತೌಡಿಗೆ ಆ ಚಿಂತೆ ಯಾವುದೂ ಇರಲಿಲ್ಲ. ದುಂಡು ಮುಖ, ಹೆಗಲವರೆಗೆ ಇಳಿದ ಕೆಂಚುಕೂದಲು, ಎಲ್ಲರನ್ನೂ ಲೇ ಎಂದು ಕರೆಯುವ ನಾಲಿಗೆ. ಚಿಕ್ಕತಾತ ಸಾಯುವ ಮುಂಚೆ ಅವನ ಮಂಚದ ಪಕ್ಕ ಕೂತು ಅವನ ಗಂಜಿಯಲ್ಲಿ ಪಾಲು ಕುಡಿಯುತ್ತಿದ್ದವಳು ಅವಳೊಬ್ಬಳೇ. ಗಾಳಿ ಗೇಟಿನ ಕಡೆಯಿಂದ ಬೀಸುವ ದಿನ ಬಸ್ಸಿನ ಹಾರನ್ನು ಸಣ್ಣಗೆ, ಎಲ್ಲಿಯೋ ಕರು ಕೂಗಿದ ಹಾಗೆ ಕೇಳುತ್ತಿತ್ತು. ತೌಡಿ ಆಡುತ್ತಿದ್ದುದನ್ನು ಬಿಟ್ಟು ಕಿವಿಗೊಟ್ಟು, “ಬಚ್ಚು” ಎನ್ನುತ್ತಿದ್ದಳು. “ಎಂಗೈತೆ ಬಸ್ಸು?” ಎಂದು ಚಿಕ್ಕಪ್ಪ ಕೇಳಿದರೆ ಎರಡೂ ಕೈ ಚಾಚಿ, “ಕೋಣ” ಎನ್ನುವಳು. ಮೂರು ತುಂಬಿದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ಅವಳ ತಟ್ಟೆಗೆ ನಿಂಬೆಹಣ್ಣಿನಷ್ಟು ಮುದ್ದೆ ಕಟ್ಟಿ ಹಾಕಿದಳು. ತೌಡಿ ಅದನ್ನು ಸಾರಿನಲ್ಲಿ ಮುಳುಗಿಸಿ, ಅಗಿಯದೆ, ದೊಡ್ಡವರ ಹಾಗೆ ನುಂಗಿಬಿಟ್ಟಳು. ಕಣ್ಣಲ್ಲಿ ನೀರು ಬಂದರೂ ಗೆದ್ದವಳಂತೆ ಎಲ್ಲರನ್ನೂ ನೋಡಿದಳು. “ಇವತ್ತಿಂದ ನಮ್ಮನೇದು ಒಂಬತ್ತು” ಎಂದಳು ಅಜ್ಜಿ. ಚಿಕ್ಕವ್ವ ಮೊದಲ ಸಲ ಎಲ್ಲರ ಮುಂದೆ ಮಗಳ ಕೆನ್ನೆಗೆ ಮುತ್ತು ಕೊಟ್ಟಳು.

ಆ ವರ್ಷ ಚಿತ್ತೆ ಮಳೆ ಹಿಡಿದದ್ದು ಬಿಡಲಿಲ್ಲ. ನಾಲ್ಕನೆಯ ದಿನ ತೌಡಿಗೆ ಜ್ವರ ಬಂತು. ಅಜ್ಜಿ ದೊಡ್ಡಪತ್ರೆ ಬಾಡಿಸಿ ಹಿಂಡಿದಳು, ಎದೆಗೆ ಬಿಸಿ ಬೂದಿಯ ಶಾಖ ಕೊಟ್ಟಳು. ಆರನೆಯ ದಿನ ಬೆಳಗ್ಗೆ ಮಗು ಉಸಿರೆಳೆದರೆ ಪಕ್ಕೆ ಒಳಕ್ಕೆ ಗುಳಿ ಬೀಳುತ್ತಿತ್ತು. “ಗಾಡಿ ಕಟ್ಲಾ” ಎಂದಳು ಅಜ್ಜಿ, ದನಿ ಎತ್ತದೆ. ಅಪ್ಪ ಎತ್ತು ಹೂಡಿದ. ಚಿಕ್ಕವ್ವ ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂತಳು, ಚಿಕ್ಕಪ್ಪ ಮುಂದೆ ಎತ್ತಿನ ಹಗ್ಗ ಹಿಡಿದು ನಡೆದ. ನಾನು ಹಿಂದೆ ಹಿಂದೆ ಓಡಿದೆ. ಊರು ದಾಟಿ ಅರ್ಧ ಮೈಲಿ ಹೋಗಿರಲಿಲ್ಲ, ಎರೆಮಣ್ಣು ಚಕ್ರವನ್ನು ಸುತ್ತಿಕೊಂಡು ಕಡ್ಡಿಗಳೇ ಕಾಣದಂತಾಯಿತು. ಕುಡಗೋಲಿನಿಂದ ಕೆರೆದು ಕೆರೆದು ಮುಂದೆ ತಳ್ಳಿದರು. ನಾಲೆಯ ಹತ್ತಿರದ ತಗ್ಗಿನಲ್ಲಿ ಗಾಡಿ ಅಚ್ಚಿನವರೆಗೆ ಹೂತುಹೋಯಿತು. ಒಂದೆತ್ತು ಮಂಡಿಯೂರಿತು, ಹೊಡೆದರೂ ಏಳಲಿಲ್ಲ. ಚಿಕ್ಕಪ್ಪ ಎತ್ತಿಗೆ ಹೊಡೆಯುತ್ತಾ ಅಳುತ್ತಿದ್ದ. ಆಮೇಲೆ ಗೋಣಿಚೀಲವನ್ನು ಕೊಪ್ಪೆ ಮಾಡಿ ಮಗುವಿಗೆ ಹೊದಿಸಿ, ಹೆಗಲಿಗೆ ಹಾಕಿಕೊಂಡು, ಮಳೆಯಲ್ಲೇ ಗೇಟಿನ ಕಡೆ ಹೊರಟ. ಚಿಕ್ಕವ್ವ ಅವನ ಹೆಜ್ಜೆಯ ಗುಂಡಿಗಳಲ್ಲೇ ಹೆಜ್ಜೆಯಿಡುತ್ತಾ ಹೋದಳು. ಗೋಣಿಯ ಸಂದಿಯಿಂದ ತೌಡಿಯ ಒಂದು ಕಾಲು ಕಾಣುತ್ತಿತ್ತು. ನಾನೂ ಅಪ್ಪನೂ ಎತ್ತು ಬಿಚ್ಚಿಕೊಂಡು ಮನೆಗೆ ಬಂದೆವು.

ಅವರು ಗೇಟು ಮುಟ್ಟುವಾಗ ಮಧ್ಯಾಹ್ನವಾಗಿತ್ತಂತೆ. ಬಸ್ಸು ಬಂತು. ತೌಡಿ ಬಸ್ಸು ಹತ್ತಿದ್ದು ಅದೇ ಮೊದಲು. ಕಂಡಕ್ಟರು ಎರಡು ಟಿಕೆಟ್ ಹರಿದುಕೊಟ್ಟು, “ಮಗೀಗೆ ಟಿಕೆಟ್ ಬ್ಯಾಡ, ಕೂತ್ಕೊಳವ್ವ” ಎಂದನಂತೆ. ನರಸೀಪುರದ ಸೇತುವೆ ಇನ್ನೂ ಬಂದಿರಲಿಲ್ಲ, ಮಡಿಲಿನಲ್ಲಿ ಉಸಿರು ನಿಂತದ್ದು ಚಿಕ್ಕವ್ವನಿಗೆ ಗೊತ್ತಾಯಿತು. ಅಳಲಿಲ್ಲ. ಅತ್ತರೆ ಬಸ್ಸಿನಿಂದ ಇಳಿಸಿಬಿಡುತ್ತಾರೆ, ಆಸ್ಪತ್ರೆಯವರೆಗಾದರೂ ಹೋಗಬೇಕು ಎಂದು ಹಲ್ಲು ಕಚ್ಚಿ ಮಗುವಿನ ಬೆನ್ನು ತಟ್ಟುತ್ತಾ ಕೂತಿದ್ದಳಂತೆ. ಪಕ್ಕದಲ್ಲಿದ್ದ ಚಿಕ್ಕಪ್ಪನಿಗೂ ಹೇಳಲಿಲ್ಲ.

ಮಾರನೆಯ ದಿನ ಮಳೆ ಹೊಳವಾಯಿತು. ಹೊಲದ ಬದುವಿನಲ್ಲಿ ತೌಡಿಯನ್ನು ಕೂರಿಸಿ ಮಣ್ಣು ಮಾಡಿ ಬಂದ ಚಿಕ್ಕಪ್ಪ ಕೈಕಾಲು ತೊಳೆಯದೆ ನೇರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅಜ್ಜಿ ಗೋಡೆಗೊರಗಿ ಕೂತಿದ್ದಳು. “ಎಂಟು ಮುದ್ದೆ ಅಂದ್ಯಲ್ಲವ್ವ” ಎಂದ. “ಮೇಷ್ಟ್ರು ಬಾಯ್ಬಿಟ್ಟು ಏಳುದ್ರು, ಮಗು ಮರಿ ಬಿಡಬ್ಯಾಡಿ ಅಂತ. ಬೀದಿಗೆಲ್ಲಾ ಕೇಳಂಗೆ ಎಂಟು ಅಂದೆ. ನಿನ್ ಮುದ್ದೆ ಲೆಕ್ಕ ನನ್ ಮಗೀನ ತಿಂದಾಕ್ತು.” ರಸ್ತೆ ಇದ್ದಿದ್ದರೆ ತೌಡಿ ಉಳಿಯುತ್ತಿದ್ದಳೇ? ಯಾರು ಹೇಳಬಲ್ಲರು? ಆದರೆ ಆ ಮಾತಿಗೆ ಉತ್ತರ ಹೇಳಬೇಕಾದವಳು ಅಜ್ಜಿ. ಅವಳು ಬಾಯಿ ತೆರೆದಳು, ಚಿಕ್ಕವ್ವ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿದಳು, ಬಾಯಿ ಮುಚ್ಚಿದಳು. “ಊಂ ಕಣಪ್ಪ” ಎಂದಷ್ಟೇ ಅಂದಳು. “ನಾನೇಯ.”

ಅಲ್ಲಿಗೆ ಮನೆ ಮುರಿಯಿತು. ಚಿಕ್ಕಪ್ಪ ಕೊಟ್ಟಿಗೆಯ ಮಗ್ಗುಲಲ್ಲಿ ಬೇರೆ ಒಲೆ ಹೂಡಿದ. ತಾಯಿಯ ಜೊತೆ ಮತ್ತೆ ಮಾತಾಡಲಿಲ್ಲ. ಬೀದಿಯಲ್ಲಿ ಎದುರಾದರೆ ಹೊಲದ ಕಡೆಗೆ ಇಳಿದುಬಿಡುತ್ತಿದ್ದ. ಊರಿನವರೂ, ತಾವೂ ಅದೇ ಲೆಕ್ಕ ಕೊಟ್ಟಿದ್ದನ್ನು ಮರೆತು, “ದೊಡ್ಡಮ್ಮಣ್ಣಿ ಲೆಕ್ಕ” ಎಂದು ಆಡಿಕೊಳ್ಳತೊಡಗಿದರು. ಮಳೆಯಲ್ಲಿ ಜಾರಿಬಿದ್ದವನೂ, ಬಸ್ಸು ತಪ್ಪಿದವನೂ ಅವಳ ಹೆಸರು ಹೇಳಿಯೇ ಬೈದುಕೊಳ್ಳುತ್ತಿದ್ದ. ಅಜ್ಜಿ ಒಲೆಯ ಮುಂದಿನಿಂದ ಎದ್ದವಳು ಮತ್ತೆ ಅಲ್ಲಿ ಕೂರಲಿಲ್ಲ. ಅವ್ವ ಮುದ್ದೆ ಕಟ್ಟುತ್ತಿದ್ದಳು. ಅಜ್ಜಿ ಐದು ವರ್ಷ ಹಾಗೇ ಇದ್ದಳು. ಕೊನೆಯ ದಿನಗಳಲ್ಲಿ ಗಂಜಿಗೆ ಇಳಿದಳು. ಕಡೆಯ ಬೆಳಗ್ಗೆ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಮಲಗಿದ್ದಳು. ಚಿಕ್ಕಪ್ಪ ಬಂದ, ಆದರೆ ಅವಳು ಹೋದ ಮೇಲೆ. ಹೆಗಲು ಕೊಟ್ಟ. ಕಣ್ಣೀರು ಹಾಕಲಿಲ್ಲ. ವರ್ಷದ ಎಡೆಗೂ ಅವಳ ಸಮಾಧಿಯ ಕಡೆ ತಿರುಗಿ ನೋಡಲಿಲ್ಲ.

ನಾನು ಓದಿ, ಸ್ಕೂಲು ಟೀಚರಮ್ಮನಾಗಿ, ತಾಂಡವಪುರದ ಹತ್ತಿರ ಮನೆ ಮಾಡಿಕೊಂಡು ಎಷ್ಟೋ ವರ್ಷವಾಯಿತು. ಕೊಪ್ಪಲಿಗೆ ರಸ್ತೆಯೂ ಬಂತು, ಗೆರೆಯನ್ನು ಕೆಳಗಿಳಿಸಿದ ಯಾವುದೋ ವರ್ಷ. ಬಂದದ್ದೇ ತಡ, ಟೆಂಪೋಗಳು ಬಂದವು. ಕಾಯುತ್ತಿದ್ದವರ ಹಾಗೆ ಜನ ಪಾತ್ರೆ ಮಂಚ ಏರಿಸಿಕೊಂಡು ನಂಜನಗೂಡಿನ ಫ್ಯಾಕ್ಟರಿಗಳ ಪಕ್ಕದ ವಠಾರಗಳಿಗೆ, ದೊಡ್ಡ ರಸ್ತೆಯ ಬದಿಯ ಸೈಟುಗಳಿಗೆ ಹೊರಟರು. ನಮ್ಮ ಮನೆಯ ಮಾಡು ಕುಸಿದು ಜಗಲಿಯ ಮೇಲೆ ಯಾರೋ ಜೋಳದ ಕಡ್ಡಿ ಒಟ್ಟಿದ್ದಾರೆ. ಅಪ್ಪ ಅವ್ವ ಇಲ್ಲ. ಚಿಕ್ಕಪ್ಪನೂ ಚಿಕ್ಕವ್ವನೂ ಕೊಟ್ಟಿಗೆಯ ಮಗ್ಗುಲಿನ ಮನೆಯಲ್ಲಿ, ಆಮೇಲೆ ಹುಟ್ಟಿದ ಮಗ ಸೊಸೆಯ ಜೊತೆ ಇದ್ದಾರೆ. ಬಸ್ಸು ದಿನಕ್ಕೆ ಎರಡು ಸಲ ಊರೊಳಕ್ಕೇ ಬರುತ್ತದೆ. ಹತ್ತುವವರು ಸಾಲುವುದಿಲ್ಲ, ನಿಲ್ಲಿಸುತ್ತಾರಂತೆ ಎಂಬ ಮಾತೂ ಇದೆ.

ಕಳೆದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ಚಿಕ್ಕವ್ವ ಹಿತ್ತಲಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಮೊರದ ಮುಂದೆ ಕೂತೆ. ಅದೂ ಇದೂ ಮಾತಾಡುತ್ತಾ, ಈ ಸಲ ನನಗೂ ಎಣಿಕೆಯ ಕೆಲಸ ಬಿದ್ದಿದೆ ಎಂದೆ. ಚಿಕ್ಕವ್ವನ ಕೈ ನಿಂತಿತು. ಆಮೇಲೆ ಕೇಳಿದಳು: “ಆಗ ಬರಸ್ದೇ ಇದ್ದೋರ್ನ ಈಗ ಬರಿಯಾಕಾಯ್ತದಾ ಮಗಾ?”

“ಇಲ್ಲ ಚಿಕ್ಕವ್ವ. ಈಗ ಇರೋರನ್ನ ಮಾತ್ರ.”

“ಊಂ” ಎಂದಳು. ಒಂದು ಕಾಯಿ ಸುಲಿದಳು. “ಅವತ್ತು ನಿಮ್ಮಜ್ಜಿ ಮಜ್ಜಿಗೆ ತರಾಕೆ ಒಳಕ್ಕೆ ಬಂದ್ರಲ್ಲ, ನಾನು ಕಾಲು ಇಡ್ಕೊಂಡ್ಬುಟ್ಟೆ ಕಣವ್ವ. ಅದ್ನ ಬರಸ್ಬ್ಯಾಡಿ ಅತ್ತೆ, ಕಾಗ್ದಕ್ಕೆ ಏರ್ಸಿದ್ರೆ ಕಣ್ಣು ಬಿದ್ಬುಡ್ತದೆ, ಎರಡನ್ನ ಕೊಟ್ಟಿವ್ನಿ, ಇದೊಂದ್ನ ಬುಡಿ ಅಂತ. ರಸ್ತೆ ವಿಚಾರ ಕಣೆ ಅಂತ ಏಳುದ್ರು. ನಾ ಕಾಲು ಬುಡ್ನಿಲ್ಲ. ಆಮ್ಯಾಕೆ ತಲೆ ಸವರಿ, ಎದ್ದೋಳು, ಮುದ್ದೆ ಲೆಕ್ಕ ಏಳ್ತೀನಿ ಅಂದ್ರು.”

ಚಿಕ್ಕತಾತನನ್ನು ಯಾಕೆ ನೆಂಟನಾಗಿಸಿದಳು ಎಂದು ನನಗೆ ಈಗ ತಿಳಿಯಿತು. ಹಾಲು ಕುಡಿಯುವವಳನ್ನು ಬಿಟ್ಟು ಗಂಜಿ ಕುಡಿಯುವವನನ್ನು ಬರೆಸಿದ್ದರೆ ಅದು ಮುದ್ದೆ ಲೆಕ್ಕವಾಗದೆ ಬರೀ ಸುಳ್ಳಾಗುತ್ತಿತ್ತು. ಲೋಕ ಬಿಟ್ಟು ಹೋಗಲಿರುವವನನ್ನು ನೆಂಟ ಎಂದದ್ದು ಅಜ್ಜಿಗೆ ಸುಳ್ಳಾಗಿರಲಿಲ್ಲ. ಒಬ್ಬಳ ಭಯ ಮುಚ್ಚಲು ಊರಿನ ಪದ್ಧತಿಯನ್ನೇ ಹೊದಿಸಿದ್ದಳು. ಊರು ಅದನ್ನೇ ಹೊದ್ದುಕೊಂಡಿತು.

“ಚಿಕ್ಕಪ್ಪನಿಗೆ ಹೇಳಿದೀಯಾ?” ಎಂದೆ.

“ಏಳ್ನಿಲ್ಲ.” ಅವಳು ಮೊರದತ್ತಲೇ ನೋಡುತ್ತಿದ್ದಳು. “ಅತ್ತೆ ಗಂಜಿಗೆ ಇಳಿದ್ರಲ್ಲ, ಆಗ ಓಗಿ, ಏಳ್ಬುಡ್ತೀನಿ ಅತ್ತೆ, ನನ್ ಕೈಲಿ ತಡಿಯಾಕಾಯ್ತಿಲ್ಲ ಅಂದೆ. ಬೈದ್ಬುಟ್ರು. ನನ್ ಮಗ ನನ್ ಮ್ಯಾಲೆ ಮುನಿಸ್ಕೊಂಡ್ರೆ ನಾನು ಇವತ್ತೋ ನಾಳೆಯೋ ಓಯ್ತೀನಿ. ನಿನ್ ಮ್ಯಾಲೆ ಮುನಿಸ್ಕೊಂಡ್ರೆ ನೀನೆಲ್ಲಿಗೆ ಓಯ್ತೀಯೆ ಮುಂಡೇದೆ, ಈ ಊರಿಂದ ಓಗಾಕೆ ಒಂದು ರಸ್ತೆನಾದ್ರೂ ಐತಾ ಅಂದ್ರು.” ಹೇಳುತ್ತಾ ಚಿಕ್ಕವ್ವ ನಕ್ಕಳು. ನಗುವಿನ ಮಧ್ಯೆಯೇ ಅದು ಅಳುವಾಯಿತು. “ನೀನೇ ಏಳ್ಬುಡವ್ವ ಅವ್ರಿಗೆ” ಎಂದು ನನ್ನ ಮೊಣಕೈ ಹಿಡಿದಳು. ಮರುಗಳಿಗೆಯಲ್ಲೇ ಕೈ ಸಡಿಲಿಸಿ, “ಬ್ಯಾಡ, ಬುಡು” ಎಂದಳು.

ಚಿಕ್ಕಪ್ಪ ಬಸ್ಸಿನವರೆಗೆ ಬಿಡಲು ಬಂದ. ಬೆನ್ನು ಬಾಗಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ. ನಾವಿಬ್ಬರೂ ಸಮಾಧಿಗಳಿರುವ ಹೊಲದ ಪಕ್ಕದಲ್ಲೇ ನಡೆದೆವು. ಅವನು ಆ ಕಡೆ ನೋಡಲಿಲ್ಲ. ಹೇಳಲು ನನಗೆ ಅಷ್ಟು ದಾರಿಯಿತ್ತು, ಅಷ್ಟು ಹೊತ್ತಿತ್ತು. ಹೇಳಿದರೆ ತಾಯಿ ಅವನಿಗೆ ವಾಪಸು ಸಿಗುತ್ತಾಳೆ, ಹೆಂಡತಿ ಹೋಗುತ್ತಾಳೆ. ಹೇಳದಿದ್ದರೆ ಅಜ್ಜಿ ಹೊತ್ತುಕೊಂಡದ್ದನ್ನು ಹೊತ್ತುಕೊಂಡೇ ಮಲಗಿರುತ್ತಾಳೆ. ಎರಡು ಸಲ ಬಾಯಿ ತೆರೆದೆ. “ಬಿಸ್ಲು ಜಾಸ್ತಿ ಆಯ್ತು ಚಿಕ್ಕಪ್ಪ” ಎಂದೆ. “ಊಂ ಮಗಾ, ಟವಲ್ ಆಕ್ಕೊ ತಲೆ ಮ್ಯಾಲೆ” ಎಂದು ತನ್ನ ಹೆಗಲಿನದನ್ನೇ ತೆಗೆದುಕೊಟ್ಟ.

ಬಸ್ಸು ನಿಂತಿತ್ತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ; ಒಳಗೆ ಇನ್ನು ಇಬ್ಬರೋ ಮೂವರೋ ಇದ್ದರು. ಹೊರಟಿತು. ನಾಲೆಯ ಹತ್ತಿರದ ತಗ್ಗಿನಲ್ಲಿ ಈಗ ಮೋರಿ ಹಾಕಿದ್ದಾರೆ, ಗೊತ್ತೇ ಆಗದಂತೆ ದಾಟಿಬಿಟ್ಟಿತು. ಹೊಲಗಳು, ಬೇಲಿಗಳು ಸರಸರನೆ ಹಿಂದಕ್ಕೆ ಹೋದವು. ಗೇಟಿನಲ್ಲಿ ನಿಂತಾಗ ಕೈಗಡಿಯಾರ ನೋಡಿಕೊಂಡೆ. ಒಂಬತ್ತು ನಿಮಿಷವಾಗಿತ್ತು.